ಕೇಳದೆ ಹಾಕಿದ ಹೆಸರುಗಳು

ಆ ಪತ್ರಿಕೆ ಮೊದಲ ಸಲ ನನ್ನ ಟೇಬಲ್ಲಿಗೆ ಬಂದದ್ದು ಅಮೀನಗಡದ ಕರದಂಟಿನ ಪೊಟ್ಟಣದ ಜೊತೆಗೆ. ತಂದವರು ನಮ್ಮ ಕಾಲೇಜಿನ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಬಾಗಲಕೋಟೆಯ ಆ ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದೆ. ಮುಖ್ಯಸ್ಥರು ಗ್ರಂಥಾಲಯಕ್ಕೆ ಬರುತ್ತಿದ್ದದ್ದು ಒಂದೋ ದಿನಪತ್ರಿಕೆ ಓದಲು, ಇಲ್ಲವೇ ಫ್ಯಾನಿನ ಕೆಳಗೆ ಕೂಡಲು. ಪುಸ್ತಕ ಕೇಳಲು ಬಂದದ್ದನ್ನು ನಾನು ಕಂಡಿಲ್ಲ.

“ಲೈಬ್ರರಿಯನ್ನರ, ಇದನ್ನ ಕಪಾಟಿನ್ಯಾಗ ಎಲ್ಲಾರ ಕಣ್ಣಿಗೆ ಬೀಳೂ ಹಂಗ ಇಡ್ರಿ. ಇಂಟರ್‌ನ್ಯಾಷನಲ್ ಜರ್ನಲ್ ಐತಿ,” ಎಂದರು. “ನಮ್ಮ ಬೀಗರು ತಗದಾರ. ಹುನಗುಂದದಾಗ ಅವರದ ಪ್ರೆಸ್ ಐತಿ.”

ಹುನಗುಂದದಲ್ಲಿ ಅಚ್ಚಾದದ್ದು ಅಂತಾರಾಷ್ಟ್ರೀಯ ಆಗಬಾರದೆಂದೇನಿಲ್ಲ. ಕೆರೂರ ಸಂತೆಯ ಮೂಲೆಯಲ್ಲಿ ಕುಳಿತು ತೆಗೆದರೂ ಒಳ್ಳೆಯ ಪತ್ರಿಕೆ ಒಳ್ಳೆಯದೇ. ಆದರೆ ಇದರ ಮುಖಪುಟದಲ್ಲಿ ‘ಇಂಟರ್‌ನ್ಯಾಷನಲ್’ ಎಂಬ ಪದ ಹೆಬ್ಬೆರಳು ಗಾತ್ರದ ಅಕ್ಷರದಲ್ಲಿತ್ತು. ಪತ್ರಿಕೆ ಯಾವ ಶಾಸ್ತ್ರಕ್ಕೆ ಸೇರಿದ್ದು ಎಂಬುದು ಎಲ್ಲಿಯೂ ಇರಲಿಲ್ಲ. ಒಳಗೆ ಅರ್ಥಶಾಸ್ತ್ರದ ಪಕ್ಕ ರಸಾಯನಶಾಸ್ತ್ರ, ಅದರ ಪಕ್ಕ ಯೋಗಾಸನ. ಸಂಪಾದಕ ಮಂಡಳಿಯ ಹೆಸರುಗಳಿದ್ದ ಪುಟದ ನಾಲ್ಕೂ ಮೂಲೆಗೆ ಒಂದೊಂದು ನವಿಲು. ಆ ನವಿಲುಗಳನ್ನು ಎಲ್ಲಿಯೋ ನೋಡಿದ್ದೇನೆ ಅನ್ನಿಸಿತು, ಎಲ್ಲಿ ಎಂದು ಆಗ ಹೊಳೆಯಲಿಲ್ಲ. ಕರದಂಟು ಮಾತ್ರ ಚೆನ್ನಾಗಿತ್ತು.

ಅದನ್ನು ಒಂದು ಮೂಲೆಗೆ ಹಾಕಿ ಮರೆತುಬಿಡುತ್ತಿದ್ದೆನೇನೋ. ಆದರೆ ಅದೇ ವಾರ ಅದೇ ವಿಭಾಗದ ಕಿರಿಯ ಅಧ್ಯಾಪಕಿ ಬಂದರು. ಇಳಕಲ್ಲಿನ ನೇಕಾರರ ಮನೆಯ ಮಗಳು, ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಪಿಎಚ್.ಡಿ.ಗೆಂದು ಹಲವು ವರ್ಷಗಳಿಂದ ಇಳಕಲ್ ಸೀರೆಯ ಕೊಂಡಿಯ ಬೆನ್ನು ಹತ್ತಿದ್ದರು. ಆ ಸೀರೆಯಲ್ಲಿ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ. ಒಡಲಿನ ಉದ್ದದ ಎಳೆಗಳನ್ನೂ ಸೆರಗಿನ ರೇಷ್ಮೆ ಎಳೆಗಳನ್ನೂ ಮಗ್ಗದ ಮೇಲೆಯೇ ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸುತ್ತಾರೆ. ಅದೇ ಕೊಂಡಿ. ಒಂದು ಸೀರೆ ಮುಗಿದರೆ ಮುಂದಿನದಕ್ಕೆ ಮತ್ತೆ ಮೊದಲಿನಿಂದ. ಈ ಕೆಲಸ ಮನೆಯಲ್ಲಿ ಯಾರು ಮಾಡುತ್ತಾರೆ, ಕೂಲಿ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಅವರು ಮನೆಮನೆಗೆ ಹೋಗಿ ಕೇಳಿ ಬರೆದಿದ್ದರು.

ಧಾರವಾಡದಲ್ಲಿದ್ದ ಅವರ ಮಾರ್ಗದರ್ಶಕರು ಒಂದು ಷರತ್ತು ಹಾಕಿದ್ದರು. ನಂಬಿಕೆಗೆ ಅರ್ಹವಾದ ಪತ್ರಿಕೆಯೊಂದು ಒಂದಾದರೂ ಲೇಖನವನ್ನು ಒಪ್ಪಿಕೊಳ್ಳಬೇಕು, ಆಮೇಲೆಯೇ ಪ್ರಬಂಧಕ್ಕೆ ಸಹಿ. ನೋಂದಣಿಯ ಅವಧಿ ಬರುವ ಬೇಸಿಗೆಗೆ ಮುಗಿಯುವುದಿತ್ತು. ಅದು ದಾಟಿದರೆ ಅಷ್ಟು ವರ್ಷದ ಓಡಾಟವೆಲ್ಲ ನೀರಿನಲ್ಲಿ ಹೋಮ.

“ನಮ್ಮ ವಿಭಾಗದ ಸರ್ ಹೇಳ್ಯಾರ್ರಿ, ಬೀಗರ ಪತ್ರಿಕಿಗೆ ಕೊಡ್ರಿ, ಬರೂ ತಿಂಗಳ ಅಚ್ಚು ಹಾಕಸ್ತೇನಿ ಅಂತ. ನಾ ಕೊಟ್ಟೇನ್ರಿ,” ಎಂದರು. ಮತ್ತೆ, “ಅವರ ಹೆಸರು ಮೊದಲ, ನನ್ನದು ಕೆಳಗ,” ಎಂದರು.

“ಅವರು ಮಗ್ಗ ನೋಡ್ಯಾರೇನ್ರಿ ಮೇಡಂ?”

“ಸೀರಿ ನೋಡ್ಯಾರ್ರಿ. ಅವರ ಮನಿಯವರು ಉಟಗೋತಾರಲ್ಲ.”

ಇಬ್ಬರೂ ನಕ್ಕೆವು. ನಕ್ಕ ಮೇಲೆ ಅವರ ಮುಖ ಸಣ್ಣದಾಯಿತು. “ಸರ್, ಇದು ನಂಬೂ ಪತ್ರಿಕಿ ಹೌದೋ ಅಲ್ಲೋ ಅಷ್ಟ ಹೇಳ್ರಿ. ಒಮ್ಮೆ ಇಲ್ಲಿ ಅಚ್ಚಾತಂದ್ರ ಅದನ್ನ ಮತ್ತ ಯಾರೂ ತಗೋಳೂದಿಲ್ಲಲ್ರಿ.”

ಮಾತು ಸರಿಯಾಗಿತ್ತು. ಒಂದು ಕಡೆ ಅಚ್ಚಾದ ಲೇಖನವನ್ನು ಮರ್ಯಾದಸ್ಥ ಪತ್ರಿಕೆಗಳು ಮುಟ್ಟುವುದಿಲ್ಲ. ಕಳಪೆ ಪತ್ರಿಕೆಯಲ್ಲಿ ಬಂದರೆ ಮಾರ್ಗದರ್ಶಕರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡೂ ಕಡೆ ಬಾಗಿಲು ಮುಚ್ಚಿದಂತೆ.

ಪತ್ರಿಕೆಯನ್ನು ಪರೀಕ್ಷಿಸಲು ನನ್ನದೊಂದು ಕ್ರಮವಿತ್ತು. ಲೇಖನ ಓದುವುದು ಕೊನೆಗೆ. ಮೊದಲು ಬರೆದವರು ಎಲ್ಲಿಯವರು ಎಂದು ನೋಡಬೇಕು. ಇಲ್ಲಿ ಬರೆದವರೆಲ್ಲ ಅಕ್ಕಪಕ್ಕದ ಕಾಲೇಜಿನವರು, ಅವರಲ್ಲಿ ಅರ್ಧದಷ್ಟು ಜನ ಸಂಪಾದಕರ ನೆಂಟರು. ನಂತರ ಹಿಂದಿನ ಸಂಚಿಕೆ ಬೇಕು. ಮುಖ್ಯಸ್ಥರನ್ನು ಕೇಳಿದರೆ, “ಎಲ್ಲಾ ಖರ್ಚಾಗಿ ಹೋಗ್ಯಾವ್ರಿ, ಭಾಳ ಡಿಮ್ಯಾಂಡ್ ಐತಿ,” ಎಂದರು. ಪತ್ರಿಕೆಗಳಿಗೆ ಕೊಡುವ ಎಂಟು ಅಂಕಿಯ ಕ್ರಮಸಂಖ್ಯೆ ಆಗ ಹೊಸದಾಗಿ ಬಳಕೆಗೆ ಬರುತ್ತಿತ್ತು. ಈ ಪತ್ರಿಕೆಯಲ್ಲೂ ಒಂದು ಸಂಖ್ಯೆಯೇನೋ ಇತ್ತು. ಅಂಕಿ ಎಣಿಸಿದರೆ ಎಂಟಿರಲಿಲ್ಲ; ಅದು ಪ್ರೆಸ್ಸಿನ ರಿಜಿಸ್ಟ್ರೇಷನ್ ನಂಬರು. ಬಂದ ಲೇಖನವನ್ನು ಆ ವಿಷಯ ಬಲ್ಲವರ ಬಳಿ ಕಳಿಸಿ ಓದಿಸುತ್ತಾರೆಯೇ ಎಂಬ ಪ್ರಶ್ನೆಗೆ ಮುಖ್ಯಸ್ಥರ ಉತ್ತರ ನನಗೆ ಇಂದಿಗೂ ಬಾಯಿಪಾಠ: “ನಮ್ಮ ಬೀಗರು ಮಂದೀನ ನಂಬತಾರ್ರಿ. ಸಂಶಯದ ಮನುಷ್ಯ ಅಲ್ಲ ಅವರು.”

ರಜೆ ಹಾಕಿ ಧಾರವಾಡಕ್ಕೆ ಹೋದೆ. ಅಲ್ಲಿನ ದೊಡ್ಡ ಗ್ರಂಥಾಲಯದಲ್ಲಿ ಲೇಖನಗಳ ಸಾರಾಂಶ ಕೊಡುವ ದಪ್ಪ ದಪ್ಪ ಸಂಪುಟಗಳಿದ್ದವು. ಯಾವ ಪತ್ರಿಕೆಗಳನ್ನು ಅವರು ಓದಿ ಸಾರ ತೆಗೆಯುತ್ತಾರೆ ಎಂಬುದು ಅವುಗಳ ಹಿಂಬದಿಯಲ್ಲಿರುತ್ತದೆ. ನಮ್ಮ ಇಂಟರ್‌ನ್ಯಾಷನಲ್ಲಿನ ಹೆಸರು ಒಂದರಲ್ಲೂ ಇರಲಿಲ್ಲ. ಇದು ಪೂರ್ತಿ ಪುರಾವೆಯಲ್ಲ, ಹೊಸ ಪತ್ರಿಕೆಗೂ ಹಾಗಾಗಬಹುದು. ಉಳಿದದ್ದು ಸಂಪಾದಕ ಮಂಡಳಿಯೊಂದೇ. ಅಲ್ಲಿರುವವರು ನಿಜವಾಗಿ ಇದ್ದಾರೆಯೇ, ಕೆಲಸ ಮಾಡುತ್ತಾರೆಯೇ?

ಮರುದಿನ ನಮ್ಮ ಗ್ರಂಥಾಲಯದ ಬಾಗಿಲ ಬಳಿಯ ಡ್ರಾವರ್ ತೆಗೆದಾಗ ನವಿಲು ಸಿಕ್ಕವು. ಸಿಬ್ಬಂದಿಗೆಲ್ಲ ಸೇರಿ ಬರುವ ಲಗ್ನಪತ್ರಿಕೆಗಳನ್ನು ಅದರಲ್ಲಿ ಹಾಕಿಡುವ ರೂಢಿ. ಅಲ್ಲಿದ್ದ ಹಳದಿ ಕಾರ್ಡಿನ ನಾಲ್ಕು ಮೂಲೆಗೂ ಅವೇ ನವಿಲು, ಕೆಳಗೆ ಅದೇ ಹುನಗುಂದದ ಪ್ರೆಸ್ಸು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ನವಿಲಷ್ಟೇ ಅಲ್ಲ, ಹೆಸರು ಹಾಕುವ ರೀತಿಯೂ ಒಂದೇ. ಮೇಲೆ ಮಧ್ಯದಲ್ಲಿ ಆಶೀರ್ವದಿಸುವ ಹಿರಿಯರು, ಅವರ ಕೆಳಗೆ ಗಣ್ಯರು, ಕೆಳಗೆ ಎರಡು ಸಾಲಿನಲ್ಲಿ ಊರ ಮಂದಿ, ಕೊನೆಗೆ ಬಂಧುಬಳಗ. ನಮ್ಮ ಕಡೆ ಲಗ್ನದ ಕಾರ್ಡಿನಲ್ಲಿ ಹೆಸರು ಹಾಕುವಾಗ ಯಾರನ್ನೂ ಕೇಳುವುದಿಲ್ಲ. ಹಾಕುವುದು ಗೌರವ, ಬಿಡುವುದು ಜಗಳ. ಪ್ರೆಸ್ಸಿನ ಈ ಮಹಾಶಯ ಸಂಪಾದಕ ಮಂಡಳಿಯನ್ನೂ ಹೀಗೆಯೇ ಕಟ್ಟಿದ್ದ. ಮೋಸವನ್ನಾದರೂ ಸ್ವಲ್ಪ ತಲೆ ಖರ್ಚು ಮಾಡಿ ಮಾಡಬಾರದೇ ಎಂದು ನನಗೆ ಅಸಹ್ಯವಾಯಿತು.

ಮೇಲಿನ ಸಾಲಿನ ಒಬ್ಬರು ಬಾದಾಮಿ ಊರಿನವರು, ನಿವೃತ್ತ ಇತಿಹಾಸದ ಪ್ರಾಧ್ಯಾಪಕರು. ಪತ್ರಿಕೆಯಲ್ಲಿ ಅವರನ್ನು ಅರ್ಥಶಾಸ್ತ್ರದ ಪ್ರಧಾನ ಸಲಹೆಗಾರರೆಂದು ಹಾಕಿದ್ದರು. ಕೆರೂರ ಮೇಲಿನ ಬಸ್ಸು ಹಿಡಿದು ಹೋದೆ. ಅಗಸ್ತ್ಯತೀರ್ಥದ ಕಡೆಯ ಓಣಿಯಲ್ಲಿ ಮನೆ. ಕಟ್ಟೆಯ ಮೇಲೆ ಕುಳಿತು ಕನ್ನಡಕ ಒರೆಸುತ್ತಿದ್ದರು. ಪತ್ರಿಕೆ ಕೊಟ್ಟೆ. ತಮ್ಮ ಹೆಸರು ನೋಡಿ ಅವರು ಸಿಟ್ಟಾಗುತ್ತಾರೆ, ನನಗೆ ಒಂದು ಸಾಕ್ಷಿ ಸಿಗುತ್ತದೆ ಎಂದುಕೊಂಡಿದ್ದೆ.

ಅವರು ಸಂತೋಷಪಟ್ಟರು.

“ನೋಡ್ರಿ, ನೆನಪಿಟ್ಟಾರ,” ಎಂದರು. “ನನ್ನ ಹೆಸರು ಈ ಓಣಿ ಎಲ್ಲಾ ಕಾರ್ಡಿನ್ಯಾಗ ಇರತೈತಿ. ಇಲ್ಲೂ ಹಾಕ್ಯಾರ ಪಾಪ.” ಬೆರಳು ಮುಂದಿನ ಹೆಸರಿನ ಮೇಲೆ ನಿಂತಿತು. “ಇವರು ತೀರಿಕೊಂಡಾರಲ್ರಿ? ನಾನ ಮಣ್ಣಿಗೆ ಹೋಗಿದ್ನಿ.”

“ಹಂಗಾರ ನಿಮ್ಮನ್ನ ಕೇಳಿಲ್ಲ ಅಂತ ಎರಡ ಸಾಲ ಬರದಕೊಡ್ರಿ. ಒಬ್ಬ ಹೆಣ್ಣಮಗಳ ಪಿಎಚ್.ಡಿ. ಪ್ರಶ್ನಿ ಐತ್ರಿ.”

ಅವರು ಪತ್ರಿಕೆ ಮಡಿಚಿ ನನ್ನ ಕೈಗಿಟ್ಟರು. “ಹಂಗ ಬರೀಲಿಕ್ಕೆ ಬರೂದಿಲ್ರಿ. ಅವರಿಗೆ ಅಪಮಾನ ಆಗತೈತಿ. ಪ್ರೀತಿಲೆ ಹಾಕ್ಯಾರ, ಬಿಡ್ರಿ. ಚಹಾ ಕುಡೀರಿ.”

ಚಹಾ ಕುಡಿದೆ. ಒಳ್ಳೆಯ ಮನುಷ್ಯ, ಒಳ್ಳೆಯ ವಿದ್ವಾಂಸ. ಶಾಸನದ ಒಂದು ಅಕ್ಷರ ಮುಕ್ಕಾಗಿದ್ದರೆ ಅದು ಏನಿರಬಹುದೆಂದು ದಿನಗಟ್ಟಲೆ ಜಗಳ ಮಾಡುವವರು. ತಮ್ಮ ಹೆಸರಿನ ಸುಳ್ಳನ್ನು ಮಾತ್ರ ಎಡಗೈಯಿಂದ ಸರಿಸಿಬಿಟ್ಟರು. ಮುಖ್ಯಸ್ಥರಂಥವರ ಮೇಲೆ ನನಗಿದ್ದ ತಿರಸ್ಕಾರ ಹಳೆಯದು. ಈ ಸಜ್ಜನರ ಮೇಲೆ ಅಂದು ಹುಟ್ಟಿದ್ದು ಅದಕ್ಕಿಂತ ಖಾರವಾದದ್ದು. ಇಂಥ ಪತ್ರಿಕೆಗಳು ನಿಲ್ಲುವುದು ಇಂಥವರ ದಾಕ್ಷಿಣ್ಯದ ಮೇಲೆಯೇ. ಬರಿಗೈಯಲ್ಲಿ ಬಸ್ಸು ಹತ್ತಿದೆ.

ಅಧ್ಯಾಪಕಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಲಿಖಿತ ಪುರಾವೆ ಇಲ್ಲ, ಆದರೆ ಇದು ಪತ್ರಿಕೆಯಲ್ಲ. ಲೇಖನ ವಾಪಸು ತೆಗೆದುಕೊಳ್ಳಿ ಎಂದೆ. ಮುಖ್ಯಸ್ಥರ ಮುನಿಸು ಖಂಡಿತ, ಬೇರೆ ಪತ್ರಿಕೆ ಬೇಸಿಗೆಯೊಳಗೆ ಒಪ್ಪುತ್ತದೆಂಬ ಭರವಸೆ ನಾನು ಕೊಡಲಾರೆ ಎಂದೂ ಹೇಳಿದೆ. ಅವರು, “ಹುನಗುಂದಕ್ಕ ಹೋಗೂಣ್ರಿ ಸರ್. ಒಬ್ಬಾಕಿ ಹೋದ್ರ ಅವರು ಮಾತಿನ್ಯಾಗ ಕಟ್ಟಿಹಾಕತಾರ,” ಎಂದರು.

ಪ್ರೆಸ್ಸು ಕೋರ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಸಂಪಾದಕರು, ಅಂದರೆ ಪ್ರೆಸ್ಸಿನ ಮಾಲೀಕರು, ಎದ್ದು ನಿಂತು ಕೈಮುಗಿದರು. ಮೈತುಂಬ ವಿನಯ. ಕರದಂಟು ಮತ್ತೆ ಬಂತು, ನಾನು ಮುಟ್ಟಲಿಲ್ಲ. ಗೋಡೆಗೆ ಹೊಸ ಸಂಚಿಕೆಯ ಕರಡು ತೂಗುಹಾಕಿತ್ತು, ಅದರ ಪಕ್ಕ ಯಾರದೋ ಮದುವೆಯ ಕಾರ್ಡಿನ ಕರಡು. ಹೆಸರುಗಳ ಪುಟದ ಮೇಲೆ ಕಣ್ಣಾಡಿಸಿದೆ. ಎರಡನೆಯ ಸಾಲಿನಲ್ಲಿ ನನ್ನ ಹೆಸರಿತ್ತು. ಹಿಂದೆ ‘ಡಾಕ್ಟರ್’ ಬೇರೆ.

“ಇದೇನ್ರಿ ಇದು?”

“ನಿಮಗ ಹೇಳಬೇಕಂತ ಮಾಡಿದ್ವಿರಿ,” ಎಂದರು ಸಂಪಾದಕರು, ಹಲ್ಲು ಬಿಟ್ಟು. “ನೀವು ನಮ್ಮ ಪತ್ರಿಕಿ ಬಗ್ಗೆ ಭಾಳ ಆಸ್ಥಾದಿಂದ ವಿಚಾರ್ಸಾಕತ್ತೀರಿ ಅಂತ ಬೀಗರು ಹೇಳಿದ್ರು. ಇಂಥಾ ಮನುಷ್ಯಾ ನಮ್ಮ ಜೋಡಿ ಇರಲಿ ಅಂತ ಹಾಕೇನ್ರಿ.”

“ನನ್ನ ಕೇಳಿದ್ರೇನು?”

“ಹೆಸರ ಹಾಕಾಕ ಯಾರರ ಕೇಳತಾರೇನ್ರಿ? ಕೇಳೂದಂದ್ರ ಅಪಮಾನ ಮಾಡಿದಂಗ.”

“ನಾನು ಡಾಕ್ಟರ್ ಅಲ್ಲ.”

“ಇವತ್ತಿಲ್ಲ, ನಾಳಿ ಆಗತೀರಿ. ಬಿಡ್ರಿ, ಮರ್ಯಾದಿಗೆ ಬಡತನ ಯಾಕ?”

ನನ್ನ ನಾಲಿಗೆಗೆ ಬಂದದ್ದನ್ನು ಹೆಣ್ಣುಮಗಳ ಎದುರಿಗೆ ಆಡಲಾಗದೆ ನುಂಗಿದೆ. ಬಾಯಿ ಮುಚ್ಚಿಸಲು ಬೆದರಿಕೆ ಹಾಕುವವರನ್ನು ಕಂಡಿದ್ದೇನೆ, ಆಸೆ ತೋರಿಸುವವರನ್ನೂ ಕಂಡಿದ್ದೇನೆ. ನನ್ನನ್ನೇ ಸುಳ್ಳಿನ ಪಾಲುದಾರನನ್ನಾಗಿ ಮಾಡಿ ಬೆನ್ನು ಸವರಿದವನನ್ನು ಅಂದೇ ಕಂಡದ್ದು.

ಅಧ್ಯಾಪಕಿ ತಮ್ಮ ಲೇಖನ ವಾಪಸು ಕೇಳಿದರು. ಸಂಪಾದಕರ ವಿನಯ ಸ್ವಲ್ಪ ಇಳಿಯಿತು. “ಹೆಂಗ ಕೊಡಲಿ ತಂಗಿ? ಕಂಪೋಸ್ ಆಗೇತಿ. ನೋಡ ಅಲ್ಲಿ, ಅಚ್ಚಿನ ಮೊಳಿ ಎಲ್ಲಾ ಜೋಡಿಸಿ ಬಿಗದಾರ. ನಿಮ್ಮ ಸರ್‌ಗೆ ಏನ ಹೇಳಲಿ ನಾ? ಅಚ್ಚಿಗೆ ಹೋದದ್ದನ್ನ ತಿರುವಿ ಕೇಳಬಾರದು.”

ಆಕೆ ಗೋಡೆಯ ಮೇಲಿನ ಮದುವೆಯ ಕರಡಿನ ಕಡೆ ಕೈ ತೋರಿಸಿದರು. “ಈ ಸಂಬಂಧ ಮುರದ್ರ ನೀವು ಏನ ಮಾಡತೀರ್ರಿ? ಕಾರ್ಡ ಅಚ್ಚಾಗೇತಿ ಅಂತ ಹುಡಿಗೀನ ಕೊಟ್ಟ ಬಿಡ್ರಿ ಅಂತೀರೇನು?”

ಒಳಗೆ ಮೊಳೆ ಜೋಡಿಸುತ್ತಿದ್ದವರ ಕೈ ನಿಂತಿತು. ಸಂಪಾದಕರ ಲೋಕದಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರವಿತ್ತು: ಸಂಬಂಧ ಮುರಿದರೆ ಕಾರ್ಡು ರದ್ದಿಗೆ. ಹಸ್ತಪ್ರತಿಯನ್ನು ಟೇಬಲ್ಲಿನ ಖಾನೆಯಿಂದ ತೆಗೆದು ಟೇಬಲ್ಲಿನ ಮೇಲೆ ಎಸೆದರು. ನನ್ನ ಹೆಸರನ್ನು ನನ್ನ ಎದುರಿಗೇ ತೆಗೆಸುತ್ತೇನೆಂದು ಹಟ ಹಿಡಿದೆ. ತೆಗೆದರು. ನಾವು ಹೊರಬಿದ್ದ ಮೇಲೆ ಮತ್ತೆ ಸೇರಿಸಿದರು ಎಂಬುದು ಸಂಚಿಕೆ ಬಂದಾಗ ಗೊತ್ತಾಯಿತು.

ಸಂಚಿಕೆ ಹೇಳಿದ ಹೊತ್ತಿಗೇ ಬಂತು. ಅಧ್ಯಾಪಕಿಯ ಲೇಖನದ ಜಾಗದಲ್ಲಿ ಮುಖ್ಯಸ್ಥರೇ ಒಂದನ್ನು ಗೀಚಿದ್ದರು. ಇಳಕಲ್ ಸೀರೆಯ ಸೆರಗನ್ನು ನುರಿತ ದರ್ಜಿಗಳು ಸೂಜಿಯಿಂದ ಒಡಲಿಗೆ ಹೊಲಿಯುತ್ತಾರೆಂದು ಅದರಲ್ಲಿತ್ತು. ಇಳಕಲ್ಲಿನಿಂದ ಎರಡು ಗಂಟೆಯ ಹಾದಿಯಲ್ಲಿ ಕುಳಿತು, ಮನೆಯಲ್ಲಿ ಆ ಸೀರೆ ಇಟ್ಟುಕೊಂಡು, ಒಮ್ಮೆಯೂ ಸೆರಗು ತಿರುವಿ ನೋಡದೆ ಬರೆಯಲು ಬಹಳ ಧೈರ್ಯ ಬೇಕು. ನಾನು ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದೆ: ಈ ಪತ್ರಿಕೆಯಲ್ಲಿ ನನ್ನ ಹೆಸರನ್ನು ನನ್ನನ್ನು ಕೇಳದೆ ಹಾಕಿದ್ದಾರೆ, ನಾನು ಡಾಕ್ಟರೂ ಅಲ್ಲ, ಸಂಶೋಧಕರಿಗೆ ಇದನ್ನು ಗ್ರಂಥಾಲಯ ಸೂಚಿಸುವುದಿಲ್ಲ. ಸಂಚಿಕೆಯನ್ನು ಬಾಗಿಲ ಬಳಿಯ ಡ್ರಾವರಿನಲ್ಲಿ, ಲಗ್ನಪತ್ರಿಕೆಗಳ ನಡುವೆ ಇಟ್ಟೆ.

ಮುಖ್ಯಸ್ಥರು ಹಾಳೆ ಹರಿದು ತಂದು ನನ್ನ ಮುಂದೆ ಹಿಡಿದರು. “ಮಾನಾ ಕೊಟ್ರ ಹಿಂಗ ಮಾಡತೀರಿ. ನಿಮ್ಮಂಥಾವ್ರಿಗೆ ಮಾನಾ ಕೊಡಬಾರದು ನೋಡ್ರಿ.”

“ಅದನ್ನ ಬರದಕೊಡ್ರಿ,” ಎಂದೆ, “ಬೋರ್ಡಿಗೆ ಹಚ್ಚತೇನಿ.”

ಅವರು ಆಮೇಲೆ ಪ್ರಿನ್ಸಿಪಾಲರಾದರು. ಆಗದೆ ಏನು?

ಇತ್ತ ನಿಜವಾದ ಪತ್ರಿಕೆ ಹುಡುಕಬೇಕಿತ್ತು. ಅಧ್ಯಾಪಕಿ ತಮ್ಮ ಕೆಲಸಕ್ಕೆ ಯಾವ ಲೇಖನಗಳನ್ನು ಮತ್ತೆ ಮತ್ತೆ ಓದಿದ್ದರೋ ಅವು ಎಲ್ಲಿ ಬಂದವೆಂದು ಮೊದಲು ಗುರುತು ಹಾಕಿದೆವು. ಆ ಪತ್ರಿಕೆಗಳ ಹಳೆಯ ಸಂಪುಟಗಳನ್ನು ಧಾರವಾಡದಲ್ಲಿ ತಿರುವಿದೆವು. ನಾನು ಅಂಚು ಸವೆದ ಸಂಪುಟ ನೋಡುತ್ತೇನೆ, ಓದುಗರ ತಕರಾರು ಇದೆಯೇ ನೋಡುತ್ತೇನೆ, ಎಲ್ಲಕ್ಕಿಂತ ಮೊದಲು ತಿದ್ದುಪಡಿಯ ಪುಟ ನೋಡುತ್ತೇನೆ. ಹಿಂದಿನ ಸಂಚಿಕೆಯಲ್ಲಿ ತಪ್ಪಾಗಿದೆ ಎಂದು ತಾನೇ ಅಚ್ಚು ಹಾಕುವ ಪತ್ರಿಕೆಯನ್ನು ನಂಬಬಹುದು. ಹೀಗೆ ಸೋಸಿ ಉಳಿದ ಒಂದಕ್ಕೆ ಲೇಖನ ಹೋಯಿತು.

ಚಳಿಗಾಲದಲ್ಲಿ ಉತ್ತರ ಬಂತು. ಒಪ್ಪಿಗೆಯಲ್ಲ, ತಕರಾರು. ಲೇಖನ ಓದಿದ ಹೆಸರಿಲ್ಲದ ಆ ವಿದ್ವಾಂಸರು ಉಳಿದದ್ದನ್ನೆಲ್ಲ ಮೆಚ್ಚಿ ಒಂದು ಕಡೆ ಹಿಡಿದು ನಿಲ್ಲಿಸಿದ್ದರು. ನೀವು ನೋಡಿದ ಮನೆಗಳಲ್ಲಿ ಕೆಲವು ಕಡೆ ಕೊಂಡಿ ಹಾಕುವವರು ಯಾರೂ ಇಲ್ಲವೆಂದಿದೆ, ಹಾಗಾದರೆ ಆ ಮನೆಗಳಲ್ಲಿ ಸೀರೆ ಹೇಗೆ ಮುಗಿಯಿತು?

ಅಧ್ಯಾಪಕಿಗೆ ಸಿಟ್ಟು ನೆತ್ತಿಗೇರಿತು. “ಅಂವ ಯಾಂವ್ರಿ ಸರ್? ಮಗ್ಗದ ಸಪ್ಪಳದಾಗ ಹುಟ್ಟಿದಾಕಿ ನಾ. ನನಗ ಕೊಂಡಿ ಕಲಸಾಕ ಬರತಾನ?”

“ಹುನಗುಂದದವರು ನಿಮ್ಮ ಲೇಖನ ಓದಲೇ ಇಲ್ಲ. ಇವರು ಓದ್ಯಾರ,” ಎಂದೆ. “ಆ ಕೆಲವು ಮನಿ ಯಾವ ಯಾವ ಅದಾವ್ರಿ?”

ಅವರು ಹೇಳತೊಡಗಿ, ನಡುವೆ ನಿಂತರು. ಅವುಗಳಲ್ಲಿ ಮೊದಲನೆಯದು ಅವರ ಸ್ವಂತ ಮನೆ.

ಆಗ ನಾನೊಂದು ತೀರ್ಮಾನಕ್ಕೆ ಬಂದೆ. ಗ್ರಂಥಪಾಲಕನ ಕೆಲಸ ಪತ್ರಿಕೆ ತೋರಿಸಿಕೊಡುವಲ್ಲಿಗೆ ಮುಗಿಯುತ್ತದೆ ಎಂಬುದು ನಿಯಮ. ಆ ನಿಯಮವನ್ನು ಬದಿಗಿಟ್ಟೆ. “ನಿಮ್ಮ ಮನಿ ನೀವು ನೋಡಬ್ಯಾಡ್ರಿ. ನಾ ಬಂದು ನೋಡತೇನಿ, ನೀವು ಹೊರಗಿನವರಂಗ ಬಾಗಲದಾಗ ನಿಂದರ್ರಿ,” ಎಂದೆ.

ಇಳಕಲ್ಲಿನ ಆ ಮನೆಯಲ್ಲಿ ನನ್ನನ್ನು ಕಂಬಳಿಯ ಮೇಲೆ ಕೂರಿಸಿದರು. ತಂದೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಸೀರೆ ಮುಗಿದು ಮುಂದಿನದರ ಸೆರಗು ಬಂದಾಗ ತಂದೆ, “ಕೊಂಡಿಗೆ ಬಾ,” ಎಂದರು, ತಲೆ ಎತ್ತದೆ. ತಾಯಿ ಕೈ ತೊಳೆದು, ಉಟ್ಟ ಸೀರೆಯ ಸೆರಗಿಗೆ ಒರೆಸಿ ಬಂದು ಕುಳಿತರು. ಎರಡು ಬೆರಳಿನ ನಡುವೆ ಎಳೆ ಹಿಡಿದು ಕುಣಿಕೆ, ಕುಣಿಕೆ, ಕುಣಿಕೆ. ನಡುವೆ ಒಮ್ಮೆ ಎದ್ದು ರೊಟ್ಟಿ ತಿರುವಿ ಬಂದರು. ಮಧ್ಯಾಹ್ನ ಜಾರಿದರೂ ಅವರ ಬೆನ್ನು ಬಾಗಿಯೇ ಇತ್ತು. ಕಣ್ಣಿಗೆ ಕಂಡದ್ದನ್ನೆಲ್ಲ ನಾನು ಬರೆದುಕೊಂಡೆ.

ಮಗಳು ಬಾಗಿಲಿಗೆ ಒರಗಿ ನಿಂತಿದ್ದರು. ಕಣ್ಣು ತುಂಬಿತ್ತು. “ನಾ ಅವ್ವನ್ನ ಕೇಳಿದ್ನಿರಿ ಸರ್, ಕೊಂಡಿ ಯಾರ ಹಾಕತಾರ ಅಂತ. ‘ಯಾರೂ ಇಲ್ಲವಾ, ನಮ್ಮ ನಮ್ಮೊಳಗ ಹಾಕೋತೇವಿ’ ಅಂದ್ಲು. ನಾನೂ ಅದನ್ನ ಬರದ್ನಿ. ಆಕೀದು ಮನಿಗೆಲಸ ಅಂತ ಬರದ್ನಿ.”

ನನಗೆ ಅವರ ಬಗ್ಗೆ ಮರುಕ ಬಂತು. ಬರೆದುಕೊಂಡದ್ದನ್ನು ಅವರ ಕೈಗಿಟ್ಟೆ.

ಅವರು ಯಾರೂ ಇಲ್ಲ ಎಂದು ಬರೆದಿದ್ದ ಮನೆಗಳಿಗೆಲ್ಲ ಮತ್ತೆ ಹೋದರು. ಈ ಸಲ ಕೇಳಲಿಲ್ಲ, ಕುಳಿತು ನೋಡಿದರು. ಯಾರೂ ಇಲ್ಲದ ಮನೆ ಒಂದೂ ಇರಲಿಲ್ಲ. ಲೇಖನದ ಅರ್ಧ ಭಾಗ ಕಿತ್ತುಹೋಯಿತು, ಅದರ ಜಾಗದಲ್ಲಿ ಬಂದದ್ದು ಮೊದಲಿನದಕ್ಕಿಂತ ಎಷ್ಟೋ ಮೇಲು. ಪತ್ರಿಕೆ ಒಪ್ಪಿತು. ನೋಂದಣಿಯ ಅವಧಿ ಮುಗಿಯುವ ಮೊದಲೇ ಮಾರ್ಗದರ್ಶಕರು ಪ್ರಬಂಧಕ್ಕೆ ಸಹಿ ಹಾಕಿದರು.

ಕೊನೆಯ ಕರಡು ತಿದ್ದುವಾಗ ನಾವಿಬ್ಬರೂ ಮತ್ತೊಮ್ಮೆ ಆ ಮನೆಗೆ ಹೋಗಿದ್ದೆವು. ಲೇಖನದ ಕೊನೆಗೆ ನೆರವಾದವರನ್ನು ನೆನೆಯುವ ಎರಡು ಸಾಲು ಇರುತ್ತದೆ. ಮಗಳು ಹೋಗಿ ಮಗ್ಗದ ಪಕ್ಕ ಕುಳಿತರು.

“ಅವ್ವಾ, ಇದರಾಗ ನಿನ್ನ ಹೆಸರ ಹಾಕಲ್ಯಾ?”

ತಾಯಿ ಕೈ ನಿಲ್ಲಿಸಿದರು. “ಹೆಸರ ಹಾಕಾಕ ನನ್ನ ಯಾಕ ಕೇಳತಿ?”

“ಕೇಳಬೇಕಬೇ.”

ಅವರು ಎಳೆಯನ್ನು ಬೆರಳಿಗೆ ಸುತ್ತಿಕೊಂಡರು. “ನಿಮ್ಮಕ್ಕನ ಲಗ್ನದ ಕಾರ್ಡ ಓದಿಸಿ ಕೇಳಿದ್ನಿ. ಊರ ಮಂದಿ ಹೆಸರೆಲ್ಲಾ ಇದ್ದೂ. ಸತ್ತವರದೂ ಇದ್ದೂ. ನನ್ನದು ಬರೇ ಶ್ರೀಮತಿ ಅಂತ ಹಾಕಿ, ಮುಂದ ನಿಮ್ಮಪ್ಪನ ಹೆಸರಿತ್ತು.” ಮತ್ತೆ ಕುಣಿಕೆ ಹಾಕಿದರು. “ಹಾಕು.”

ಹಾಕಿದರು, ಪೂರ್ತಿ ಹೆಸರು. ಆ ಹೆಸರನ್ನು ಇಲ್ಲಿಯೂ ಬರೆಯಬೇಕೆಂಬ ಆಸೆ ನನಗಿದೆ. ಆದರೆ ಅವರು ಒಪ್ಪಿದ್ದು ಆ ಒಂದು ಲೇಖನಕ್ಕೆ. ಇದಕ್ಕೆ ಕೇಳೋಣವೆಂದರೆ ಈಗ ಅವರಿಲ್ಲ.